52 ಕಿಲೋದವಳಿಗೆ 250 ಲೀಟರಿನ ಬೋಟು

ಇಂಥ ಕಯಾಕ್ ಚೆನ್ನಾಗಿದೆಯೇ ಎಂದು ಕೇಳಿದವರಿಗೆ ನಾನು ಮೊದಲು ಹಾಕುವ ಮರುಪ್ರಶ್ನೆ ಅವರ ತೂಕದ್ದು. ಕೆಲವರು ಮುಖ ಗಂಟಿಕ್ಕುತ್ತಾರೆ. ಏನು ಮಾಡಲಿ, ರಭಸದ ಹೊಳೆಗೆ ಇಳಿಯುವ ಈ ಪ್ಲಾಸ್ಟಿಕ್ ದೋಣಿಯ ವಿಷಯದಲ್ಲಿ ಕೂರುವವರ ತೂಕ, ಸೊಂಟದ ಅಗಲ, ಕಾಲಿನ ಉದ್ದ ತಿಳಿಯದೆ ಆಡುವ ಮಾತೆಲ್ಲ ಗಾಳಿಮಾತು. ನನ್ನ ಲೆಕ್ಕ ಮೊದಲೇ ಒಪ್ಪಿಸಿಬಿಡುತ್ತೇನೆ: ಎತ್ತರ ಐದು ಅಡಿ ಒಂದು ಇಂಚು, ತೂಕ 52 ಕಿಲೋ, ವಯಸ್ಸು ನಲವತ್ತು ದಾಟಿದೆ, ಎಡ ಸೊಂಟದಲ್ಲಿ ಹೆರಿಗೆಯ ಕಾಲದಿಂದ ಉಳಿದ ಸಣ್ಣ ನೋವು. ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ರಜೆ ಸಿಕ್ಕಿದರೆ ಹಳಿಯಾಳ, ದಾಂಡೇಲಿ ದಾಟಿ ಗಣೇಶಗುಡಿಗೆ ಹೋಗಿ ಕಾಳಿ ನದಿಗೆ ಇಳಿಯುತ್ತೇನೆ.

ಕೆಲವು ತಿಂಗಳಿಂದ ನನ್ನ ಬಳಿ ಒಂದು ಕ್ರೀಕ್ ಬೋಟಿದೆ, ಅಂದರೆ ಕಿರಿದಾದ, ಇಳಿತಗಳಿರುವ ಹೊಳೆಗಳಿಗೆಂದು ಮಾಡಿದ ದುಂಡು ಮೈಯ ಕಯಾಕ್. ಮಳೆಗಾಲದಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಹೊಳೆಗಳಲ್ಲಿ ನಡೆಯುವ ಮಲಬಾರ್ ರಿವರ್ ಫೆಸ್ಟಿವಲ್‌ಗೆ ಬಂದಿದ್ದ ಪರಿಚಿತರೊಬ್ಬರು ಅದನ್ನು ವಿಮಾನದಲ್ಲಿ ವಾಪಸು ಒಯ್ಯುವ ಗೋಜು ಬೇಡವೆಂದು ಇಲ್ಲಿ ಬಿಟ್ಟುಹೋದರು. ಬಳಸಿ ನೋಡಿ, ಹಿಡಿಸಿದರೆ ದುಡ್ಡು ಕೊಡಿ, ಇಲ್ಲದಿದ್ದರೆ ಬೇರೆಯವರಿಗೆ ದಾಟಿಸಿ ಎನ್ನುವುದು ಒಪ್ಪಂದ. ಕಂಪನಿಯ ಹೆಸರು ಬರೆಯುವುದಿಲ್ಲ. ಕೈಯಿಂದ ಕೈಗೆ ದಾಟಿ ಬಂದ ಬೋಟಿನ ಸಡಿಲ ತಿರುಪಿಗೆ ಅದನ್ನು ಮಾಡಿದವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಉದ್ದ ಎಂಟು ಅಡಿ ಒಂದು ಇಂಚು, ತೂಕ 20 ಕಿಲೋ, ಗಾತ್ರ 250 ಲೀಟರ್. ಆ ಮಾದರಿಯಲ್ಲಿ ಬರುವ ಅತಿ ಸಣ್ಣ ಅಳತೆ ಇದು. ಹೋಲಿಸಿ ನೋಡಲು ನನ್ನ ಹಳೆಯ ಬೋಟಿತ್ತು: ಚಪ್ಪಟೆ ತಳ, ಚೂಪು ಅಂಚು, ತೆಳ್ಳನೆಯ ಬಾಲ.

ಈ ಮಾದರಿಯ ಬಗ್ಗೆ ಅಂತರ್ಜಾಲದಲ್ಲಿ ಓದಲು ಬೇಕಾದಷ್ಟಿದೆ. ನಾನು ಓದಿದ್ದೆಲ್ಲ 80, 85 ಕಿಲೋ ತೂಗುವ ಗಂಡಸರು ಬರೆದದ್ದು. ಅವರು ಬರೆದದ್ದು ಸುಳ್ಳಲ್ಲ, ನನಗೆ ಅನ್ವಯಿಸುವುದಿಲ್ಲ, ಅಷ್ಟೆ. ಲೆಕ್ಕ ನೋಡಿ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ನಾನು 52, ಬೋಟು 20, ಹೆಲ್ಮೆಟ್, ಲೈಫ್ ಜಾಕೆಟ್, ಹಗ್ಗದ ಚೀಲ, ನೀರಿನ ಬಾಟಲಿ ಎಲ್ಲ ಸೇರಿ ಇನ್ನೊಂದು ಐದು. ಒಟ್ಟು 77 ಕಿಲೋ, ಅಂದರೆ 77 ಲೀಟರ್ ಮಾತ್ರ ನೀರಿನೊಳಗೆ. ಉಳಿದ 173 ಲೀಟರ್ ಗಾಳಿಯಲ್ಲಿ. ಅದೇ ಬೋಟಿನಲ್ಲಿ 85 ಕಿಲೋದವರು ಕುಳಿತರೆ ನೀರಿನೊಳಗೆ 110 ಲೀಟರ್. ಅವರ ಬೋಟಿನ ಅಂಚು ನೀರನ್ನು ಕಚ್ಚಿ ಹಿಡಿದಿರುತ್ತದೆ. ನನ್ನದರ ಅಂಚು ಇನ್ನೂ ನೀರಿನ ಮೇಲೇ ಇರುತ್ತದೆ. ಹೆಸರು ಒಂದೇ, ಬಣ್ಣ ಒಂದೇ, ಹೊಳೆಗೆ ಇಳಿದರೆ ಎರಡು ಬೇರೆ ಬೇರೆ ದೋಣಿಗಳು.

ಆರ್ಕ್ಟಿಕ್ ಸೀಮೆಯ ಇನುಯಿಟ್ ಜನ ಮರದ ಹಂದರಕ್ಕೆ ಸೀಲ್ ಚರ್ಮ ಹೊದಿಸಿ ಕಯಾಕ್ ಕಟ್ಟುತ್ತಿದ್ದಾಗ ಈ ತಾಪತ್ರಯ ಇರಲಿಲ್ಲ. ಕೂರುವವನ ಮೈಯೇ ಅಳತೆಗೋಲು. ಚಾಚಿದ ಎರಡು ತೋಳುಗಳ ಮೂರು ಪಟ್ಟು ಉದ್ದ, ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದರೆ ದೋಣಿಯ ಅಗಲ, ಇದು ಹೆಚ್ಚಾಗಿ ಹೇಳುವ ಒಂದು ಲೆಕ್ಕ. ಅಚ್ಚಿನಲ್ಲಿ ಪಾಲಿಎಥಿಲೀನ್ ಪುಡಿ ಹಾಕಿ ಕಾಯಿಸಿ ತಿರುಗಿಸಿ ಬೋಟು ತೆಗೆಯುವ ಕಾಲ ಬಂದಮೇಲೆ ದೋಣಿ ಬಂಡೆಗೆ ಬಡಿದರೂ ಒಡೆಯದಷ್ಟು ಗಟ್ಟಿಯಾಯಿತು, ಅಗ್ಗವೂ ಆಯಿತು. ಅಚ್ಚಿಗೆ ಮಾತ್ರ ಕೂರುವವರ ಗುರುತಿಲ್ಲ. ಹೊಂದಿಸಿಕೊಳ್ಳುವ ಕೆಲಸ ಈಗ ನಮ್ಮ ತಲೆಗೆ ಬಂದಿದೆ.

ಹೊಂದಿಸುವ ಕೆಲಸ ನಡೆದದ್ದು ಮನೆಯ ಪಡಸಾಲೆಯಲ್ಲಿ. ಬೋಟನ್ನು ಹಳೆಯ ಕಂಬಳಿಯ ಮೇಲಿಟ್ಟು, ಹೊಳೆಯಲ್ಲಿ ಹಾಕುವ ಬಟ್ಟೆಯನ್ನೇ ತೊಟ್ಟು, ಅದೇ ಶೂ ಹಾಕಿ ಒಳಗೆ ಕುಳಿತೆ. ಶೂ ಮುಖ್ಯ. ಬರಿಗಾಲಿನಲ್ಲಿ ಸರಿಯಾಗಿ ಕೂತ ಪಾದ ದಪ್ಪ ಅಟ್ಟೆಯ ಶೂ ಹಾಕಿದೊಡನೆ ಬೋಟಿನ ಮೇಲ್ಛಾವಣಿಗೆ ತಗಲುತ್ತದೆ. ಅರ್ಧ ಗಂಟೆ ಅಲ್ಲಾಡದೆ ಕೂರುವುದು ನನ್ನ ನಿಯಮ. ಅತ್ತೆ ಬಂದು ನೋಡಿದರು. "ಕಾಫಿ ಅಲ್ಲಿಗೇ ತರಲೇನಮ್ಮ, ಇಲ್ಲ ದಡಕ್ಕೆ ಬರುತ್ತೀಯಾ?" ಎಂದರು. ಅಲ್ಲಿಗೇ ತರಿಸಿಕೊಂಡೆ.

ಹತ್ತು ನಿಮಿಷಕ್ಕೆ ಬಲಗಾಲು ಜೋಮು ಹಿಡಿಯಿತು. ಕಯಾಕ್‌ನಲ್ಲಿ ಎಲ್ಲರೂ ದೂರುವ ತೊಂದರೆ ಇದು. ಬಹಳ ಮಂದಿ ಬೆನ್ನಿನ ಪಟ್ಟಿಯನ್ನು ಬೈಯುತ್ತಾರೆ. ನನ್ನ ವಿಷಯದಲ್ಲಿ ತಪ್ಪು ಸೀಟಿನ ಮುಂಭಾಗದ್ದು. ಕಾಲು ಗಿಡ್ಡ ಇರುವವರ ತೊಡೆ ಸೀಟಿನ ಮುಂಚಾಚಿಗೆ ತಾಗದೆ ಅಂತರದಲ್ಲಿ ನಿಲ್ಲುತ್ತದೆ, ಮೈಭಾರವೆಲ್ಲ ಕೂರುವ ಎಲುಬುಗಳ ಮೇಲೆ ಬೀಳುತ್ತದೆ, ಅಲ್ಲಿಂದ ಕಾಲಿಗೆ ಇಳಿಯುವ ನರ ಒತ್ತಿಕೊಳ್ಳುತ್ತದೆ. ತೊಡೆಯ ಕೆಳಗೆ ಇಳಿಜಾರಾಗಿ ಕತ್ತರಿಸಿದ ಫೋಮ್ ಇಟ್ಟೆ. ಭಾರ ಹಂಚಿಹೋಯಿತು, ಜೋಮು ಹಿಡಿಯುವುದು ನಿಂತಿತು.

ಇನ್ನು ಸೊಂಟದ ಪಕ್ಕದ ಹಿಪ್ ಪ್ಯಾಡುಗಳು. ಬೋಟಿನ ಜೊತೆ ಬಂದವು ತೆಳ್ಳಗಿದ್ದವು. ಮೊದಲ ದಿನ ನಾನು ಅದರಲ್ಲಿ ಅಣ್ಣನ ಪ್ಯಾಂಟು ತೊಟ್ಟ ಹುಡುಗನಂತೆ ಕುಳಿತಿದ್ದೆ. ವಿದೇಶದಿಂದ ಬರುವ ಫೋಮ್ ಹಾಳೆಗೆ ಇಲ್ಲಿ ಕೊಡಬೇಕಾದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸುಭಾಸ ರಸ್ತೆಯ ಅಂಗಡಿಯೊಂದರಲ್ಲಿ ಎಲ್ಲಕ್ಕಿಂತ ದೊಡ್ಡ ಅಳತೆಯ ಎರಡು ಜೊತೆ ಹವಾಯಿ ಚಪ್ಪಲಿ ಕೊಂಡೆ. ಅಂಗಡಿಯವರು ಪಟ್ಟಿ ಸೇರಿಸಲು ಹೊರಟಾಗ, ಪಟ್ಟಿ ಬೇಡ, ಬರೀ ಅಟ್ಟೆ ಸಾಕು ಎಂದೆ. ಯಜಮಾನರಿಗೆ ಕಾಲು ಸರಿಯಿಲ್ಲವೇ ಎಂದು ಪಾಪ ಕನಿಕರದಿಂದ ಕೇಳಿದರು. ಅಟ್ಟೆಯ ನುಣುಪು ಮೇಲ್ಮೈಯನ್ನು ಮರಳುಕಾಗದದಿಂದ ಉಜ್ಜಿ ಒರಟು ಮಾಡಿ, ಎರಡೂ ಕಡೆ ಫೆವಿಬಾಂಡ್ ಸವರಿ, ಬೆರಳಿಟ್ಟರೆ ಅಂಟೂ ಅಂಟದಂತೆ ಆಗುವವರೆಗೆ ಬಿಟ್ಟು, ಆಮೇಲೆ ಒತ್ತಬೇಕು. ಹಸಿಯಲ್ಲೇ ಒತ್ತಿದರೆ ಹೊಳೆಯ ಮಧ್ಯೆ ಕಳಚಿ ಬರುತ್ತದೆ. ಎಡಕ್ಕೆ ಒಂದು ಪದರ, ಬಲಕ್ಕೆ ಎರಡು. ಎಡ ಸೊಂಟದ ನೋವಿಗೆ ಅಷ್ಟು ರಿಯಾಯಿತಿ ಬೇಕಿತ್ತು. ಅಂಚುಗಳನ್ನು ಬ್ಲೇಡಿನಿಂದ ಇಳಿಜಾರಾಗಿ ಕೆತ್ತಿದೆ. ಚೌಕಾಕಾರವಾಗಿ ಬಿಟ್ಟರೆ ಆ ಮೂಲೆ ಸೊಂಟದ ಎಲುಬಿಗೆ ಚುಚ್ಚುತ್ತದೆ.

ಹಿಡಿತ ಎಷ್ಟಿರಬೇಕು ಎನ್ನುವುದೇ ಇಡೀ ವಿಷಯದ ತಿರುಳು. ಸುಮ್ಮನೆ ಕುಳಿತಾಗ ಎಲ್ಲೂ ಒತ್ತಬಾರದು. ಮಂಡಿ ಎತ್ತಿದೊಡನೆ ತೊಡೆಯ ಮೇಲಿನ ಆಸರೆಗೆ ತಾಗಬೇಕು, ಪಾದ ಒತ್ತಿದೊಡನೆ ಮುಂದಿನ ತಡೆಗೆ ಸಿಗಬೇಕು, ಸೊಂಟ ತಿರುಗಿಸಿದೊಡನೆ ಬೋಟು ತಿರುಗಬೇಕು. ಸೊಂಟ ಒಂದು ಬೆರಳಿನಷ್ಟು ಜಾರಿ ಆಮೇಲೆ ಬೋಟು ಕದಲಿದರೆ, ಅಷ್ಟರಲ್ಲಿ ಅಲೆ ತನ್ನ ಕೆಲಸ ಮುಗಿಸಿರುತ್ತದೆ. ಅದಕ್ಕೇ ಆರಾಮ ಬೇರೆ, ಸಾಮರ್ಥ್ಯ ಬೇರೆ ಎಂದು ಎರಡು ಶೀರ್ಷಿಕೆಗಳಡಿ ಬರೆಯುವ ವಿಮರ್ಶೆಗಳ ಮೇಲೆ ನನಗೆ ನಂಬಿಕೆಯಿಲ್ಲ. ಮೈಗೆ ಕೂಡದ ಬೋಟಿನ ತಳದ ವಿನ್ಯಾಸ ಎಷ್ಟೇ ಜಾಣತನದ್ದಾಗಿರಲಿ, ಆ ಜಾಣತನ ಕೂತವರಿಗೆ ದಕ್ಕುವುದಿಲ್ಲ.

ಸೀಟಿನ ಎತ್ತರದ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯಬೇಕು. ಮುಂಡ ಗಿಡ್ಡ ಇರುವವರು ಅಗಲದ ಬೋಟಿನಲ್ಲಿ ಕುಳಿತರೆ ಮೊಣಕೈ ಪಕ್ಕಕ್ಕೆ ಬಡಿಯುತ್ತದೆ, ಹುಟ್ಟು ನೆಟ್ಟಗೆ ನೀರಿಗೆ ಇಳಿಯುವುದಿಲ್ಲ, ಎಳೆದ ಪ್ರತಿ ಸಲವೂ ಮೂತಿ ಅತ್ತಿತ್ತ ಹೊರಳುತ್ತದೆ. ಸೀಟಿನ ಮೇಲೆ ಒಂದು ಪದರ ಫೋಮ್ ಹಾಕಿದರೆ ತೋಳು ಮೇಲೆ ಬರುತ್ತದೆ, ಆದರೆ ಗುರುತ್ವ ಕೇಂದ್ರವೂ ಮೇಲೆ ಬರುತ್ತದೆ, ಬೋಟು ಹೊಯ್ದಾಡುತ್ತದೆ. ಎರಡು ಪದರ ಹಾಕಿ ನೋಡಿ, ಒಂದಕ್ಕೆ ಇಳಿದೆ.

ಇಷ್ಟಾದ ಮೇಲೆ ಮೊದಲು ಮಾಡಬೇಕಾದದ್ದು ಹೊರಬರುವ ಪರೀಕ್ಷೆ. ಗಣೇಶಗುಡಿಯ ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಬೇಕೆಂದೇ ಮಗುಚಿಕೊಂಡು, ಸ್ಪ್ರೇ ಸ್ಕರ್ಟಿನ, ಅಂದರೆ ಸೊಂಟಕ್ಕೆ ತೊಟ್ಟು ಬೋಟಿನ ಬಾಯಿಯನ್ನು ನೀರು ನುಗ್ಗದಂತೆ ಮುಚ್ಚುವ ಹೊದಿಕೆಯ, ಕುಣಿಕೆ ಎಳೆದು ಹೊರಗೆ ಜಾರುವುದು. ಬಿಗಿ ಹೆಚ್ಚಾಗಿ ಮಂಡಿ ಸಿಕ್ಕಿಕೊಳ್ಳುವಂತಿದ್ದರೆ ಅಂಟಿಸಿದ ಫೋಮನ್ನು ಅಲ್ಲೇ ಕಿತ್ತು ಹಾಕಬೇಕು, ಎರಡನೆಯ ಮಾತಿಲ್ಲ. ಈ ಅಭ್ಯಾಸ ದಾಂಡೇಲಿ ಪಟ್ಟಣದ ಬಳಿ ಬೇಡ. ಅಲ್ಲಿ ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳಿವೆ.

ನಿಂತ ನೀರಿನಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಬೋಟು ಯಾವ ಕಡೆ ಬಾಗಿ ತೇಲುತ್ತಿದೆ ಎನ್ನುವುದು. ಕುಳಿತವರಿಗೆ ಅದು ಕಾಣುವುದಿಲ್ಲ. ದಡದಲ್ಲಿ ಒಬ್ಬರು ಬೇಕು. ಅಲ್ಲಿನ ರ‍್ಯಾಫ್ಟಿಂಗ್ ತಂಡಗಳ ಜೊತೆ ಸುರಕ್ಷತೆಗೆಂದು ಕಯಾಕ್‌ನಲ್ಲಿ ಹೋಗುವ ಹುಡುಗನೊಬ್ಬ ನನ್ನ ಕಾಯಂ ಸಾಕ್ಷಿ. "ಅಕ್ಕಾ, ಬಾಲ ಕುಳಿತಿದೆ, ಮೂತಿ ಆಕಾಶ ನೋಡುತ್ತಿದೆ" ಎಂದ. ಸೀಟನ್ನು ಒಂದು ಕಚ್ಚು ಮುಂದೆ ತಂದೆ. "ಈಗ?" "ಈಗ ಸರಿ. ಆದರೆ ನೀವು ಹಿಂದಕ್ಕೆ ವಾಲಿ ಕೂರುತ್ತೀರಿ, ಅದಕ್ಕೆ ಕಚ್ಚು ಇಲ್ಲ." ಇಪ್ಪತ್ತೆರಡರ ಹುಡುಗ, ಹೊಳೆಯಲ್ಲಿ ಮಾತ್ರ ಅವನು ನನಗೆ ಮೇಷ್ಟ್ರು.

ರೋಲ್, ಅಂದರೆ ಮಗುಚಿದಲ್ಲಿಂದ ಹುಟ್ಟು ಮತ್ತು ಸೊಂಟದ ಒಂದೇ ತಿರುವಿನಲ್ಲಿ ಮೇಲೆ ಬರುವುದು, ಈ ಬೋಟಿನಲ್ಲಿ ಸಲೀಸು. ತಳದ ಅಂಚು ದುಂಡಗಿದೆ, ಅರ್ಧ ಏಳಿಸಿದರೆ ಉಳಿದರ್ಧ ತಾನೇ ಏಳುತ್ತದೆ. ಒಂದೇ ತಕರಾರು: ಸೀಟಿನ ಹಿಂದೆ ಬೋಟು ಎತ್ತರವಾಗಿದೆ. ಹಿಂದಕ್ಕೆ ಮಲಗಿ ಏಳುವ ಅಭ್ಯಾಸದವರ ಬೆನ್ನಿಗೆ ಅದು ಅಡ್ಡ ಬರುತ್ತದೆ. ಮುಂದಕ್ಕೆ ಬಾಗಿಯೇ ಏಳುವವರಿಗೆ ತೊಂದರೆಯಿಲ್ಲ, ಮುಖವೂ ಬಂಡೆಯಿಂದ ದೂರ ಉಳಿಯುತ್ತದೆ.

ಈಗ ಹೊಳೆ. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ, 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ನಮಗೆ ಬೇಕಾದ ತುಣುಕು ಸೂಪಾ ಅಣೆಕಟ್ಟಿನ ಕೆಳಗಿನದು. 101 ಮೀಟರ್ ಎತ್ತರದ ಆ ಅಣೆಕಟ್ಟು 1987ರಲ್ಲಿ ಮುಗಿಯಿತು. ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಯಂತ್ರ ತಿರುಗಿದರೆ ಹೊಳೆಯಲ್ಲಿ ನೀರು, ನಿಂತರೆ ಬಂಡೆ. ಮಳೆಯ ಹೊಳೆಗಳು ಬತ್ತುವ ಬೇಸಿಗೆಯಲ್ಲಿ, ನಾಡಿಗೆಲ್ಲ ಫ್ಯಾನು ತಿರುಗಬೇಕಾದ ಹೊತ್ತಿನಲ್ಲಿ, ನಮಗೆ ಒಳ್ಳೆಯ ನೀರು. ದೋಣಿ ಪರೀಕ್ಷಿಸುವವರಿಗೆ ಇದರಿಂದ ಒಂದು ಲಾಭವಿದೆ. ಯಂತ್ರ ಒಂದೇ ಹದದಲ್ಲಿ ಓಡುವಷ್ಟು ಹೊತ್ತು ನೀರಿನ ಮಟ್ಟವೂ ಒಂದೇ. ಬೆಳಿಗ್ಗೆ ಹಳೆಯ ಬೋಟಿನಲ್ಲಿ ಇಳಿದ, ಬಂಡೆಗಳ ನಡುವೆ ನೀರು ನೊರೆಯೆದ್ದು ಧಾವಿಸುವ ಅದೇ ರ‍್ಯಾಪಿಡ್‌ಗೆ ಅದೇ ನೀರಿನಲ್ಲಿ ಹೊಸದನ್ನು ಇಳಿಸಬಹುದು. ಬೇರೆ ಬೇರೆ ದಿನ, ಬೇರೆ ಬೇರೆ ನೀರಿನಲ್ಲಿ ಎರಡು ಬೋಟು ಹೋಲಿಸಿದವರು ನಿಜವಾಗಿ ಹೋಲಿಸಿದ್ದು ಎರಡು ಹೊಳೆಗಳನ್ನು.

ಬಂಡೆಯ ಹಿಂದೆ ನೀರು ತಿರುಗಿ ಮೇಲ್ಮುಖವಾಗಿ ಹರಿಯುವ ಜಾಗಕ್ಕೆ ಹೊಳೆಯವರೆಲ್ಲ ಎಡ್ಡಿ ಎನ್ನುತ್ತಾರೆ. ರಭಸದಿಂದ ಎಡ್ಡಿಗೆ ನುಗ್ಗಿ ನಿಲ್ಲುವುದು, ಅಲ್ಲಿಂದ ಮತ್ತೆ ರಭಸಕ್ಕೆ ಬರುವುದು, ಕಯಾಕ್ ವಿದ್ಯೆಯ ಅರ್ಧ ಪಾಲು ಇದೇ. ಹಳೆಯ ಬೋಟಿನ ಚೂಪು ಅಂಚನ್ನು ಓರೆ ಮಾಡಿದರೆ ಗೀಟು ಎಳೆದಷ್ಟು ಖಚಿತವಾಗಿ ಒಳಗೆ ಹೊರಳುತ್ತದೆ. ಓರೆ ಮಾಡುವುದು ಅರೆಕ್ಷಣ ತಡವಾದರೂ ನೀರು ಬಾಲವನ್ನು ಹಿಡಿದು ಒಳಕ್ಕೆಳೆದು ಮೂತಿ ಮೇಲೆತ್ತಿ ಮಗುಚುತ್ತದೆ. ಹೊಸದರಲ್ಲಿ ನೀರಿಗೆ ಹಿಡಿಯಲು ಬಾಲವೇ ಸಿಗುವುದಿಲ್ಲ, ಅಷ್ಟು ದಪ್ಪ. ತಪ್ಪುಗಳನ್ನೆಲ್ಲ ನುಂಗಿಕೊಳ್ಳುತ್ತದೆ. ಆದರೆ ನನ್ನ 52 ಕಿಲೋಗೆ ಅಂಚು ನೀರಿಗೆ ಮುಟ್ಟಿಸಲು ಸೊಂಟವನ್ನು ಪೂರಾ ಓರೆ ಮಾಡಬೇಕು. ಅರೆಮನಸ್ಸಿನ ಓರೆಗೆ ಬೋಟು ಬಗ್ಗುವುದಿಲ್ಲ. ಎಡ್ಡಿಯ ಬಾಗಿಲು ದಾಟಿ ಕೆಳಗೆ ಜಾರಿಹೋಗುತ್ತದೆ.

ಮೂತಿಯನ್ನು ಮೇಲ್ಮುಖ ಇಟ್ಟು ಓರೆಯಾಗಿ ಹೊಳೆ ದಾಟುವ ಫೆರಿಯಲ್ಲಿ ಹಳೆಯದು ಚಪ್ಪಟೆ ತಳದ ಮೇಲೆ ಜಾರುತ್ತ ಹೋಗುತ್ತದೆ. ಹೊಸದರಲ್ಲಿ ಎರಡು ಮೂರು ಎಳೆತ ಹೆಚ್ಚು ಬೇಕು, ಅಷ್ಟರಲ್ಲಿ ಒಂದು ಮಾರು ಕೆಳಗೆ ಸರಿದಿರುತ್ತೇವೆ. ಇದು ರಾಕರಿನ ಬೆಲೆ. ಪಕ್ಕದಿಂದ ನೋಡಿದರೆ ತಳದ ಎರಡೂ ತುದಿ ಮೇಲಕ್ಕೆ ಬಾಗಿವೆಯಲ್ಲ, ಅದು ರಾಕರ್. ಅಲೆ ಎದುರಾದಾಗ ಮೂತಿ ಅದರೊಳಗೆ ಹೊಗದೆ ಮೇಲೆ ಹತ್ತುವುದು ಅದರಿಂದಲೇ; ನೀರಿಗೆ ತಾಗುವ ಉದ್ದ ಕಡಿಮೆಯಾಗಿ ವೇಗ ಬರದಿರುವುದೂ ಅದರಿಂದಲೇ. ಒಲಿಂಪಿಕ್ಸ್‌ನ ಸ್ಲಾಲಮ್ (ರಭಸದ ನೀರಿನಲ್ಲಿ ತೂಗುಬಿಟ್ಟ ಗೇಟುಗಳ ನಡುವೆ ಸಾಗುವ ಸ್ಪರ್ಧೆ) ಕಯಾಕ್ ಕನಿಷ್ಠ ಮೂರೂವರೆ ಮೀಟರ್ ಉದ್ದವಿರಬೇಕು, ಕಾರ್ಬನ್ ನಾರಿನಲ್ಲಿ ಮಾಡಿದ್ದು, ನನ್ನ ಬೋಟಿನ ಅರ್ಧದಷ್ಟೂ ತೂಗುವುದಿಲ್ಲ. ಆ ಸ್ಪರ್ಧೆಯ ಆಸ್ಟ್ರೇಲಿಯದ ಆಟಗಾರ್ತಿ ಜೆಸಿಕಾ ಫಾಕ್ಸ್ ಗೇಟಿನಿಂದ ಗೇಟಿಗೆ ಹಾರುವ ವೇಗವನ್ನು ನೋಡಿ ನಮ್ಮ ಪ್ಲಾಸ್ಟಿಕ್ ಬೋಟಿನಲ್ಲಿ ಅದನ್ನು ನಿರೀಕ್ಷಿಸುವವರಿದ್ದಾರೆ. ಆ ಬೋಟನ್ನು ಕಾಳಿಯ ಬಂಡೆಗಳ ನಡುವೆ ಬಿಟ್ಟರೆ ಸಂಜೆಗೆ ಚೂರುಗಳನ್ನು ಆರಿಸಬೇಕಾದೀತು.

ನನಗೆ ಹೆಚ್ಚು ಪಾಠ ಹೇಳಿದ್ದು ಹೋಲ್‌ಗಳು. ಬಂಡೆಯ ಮೇಲಿಂದ ಧುಮುಕಿದ ನೀರು ಕೆಳಗೆ ಸುರುಳಿ ಸುತ್ತಿ ಹಿಂದಕ್ಕೆ ಎಳೆಯುವ ಜಾಗ ಅದು. ಬೋಟಿನ ಮೂತಿ ನೊರೆಯನ್ನು ಹತ್ತುತ್ತದೆ, ಒಳಗೆ ಮುಳುಗಿದರೂ 173 ಲೀಟರ್ ಗಾಳಿ ತಕ್ಷಣ ಮೇಲೆ ತರುತ್ತದೆ, ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ದಾಟಲು ಬೇಕಾದದ್ದು ಸಂವೇಗ, ಅಂದರೆ ರಾಶಿ ಗುಣಿಸು ವೇಗ. 110 ಕಿಲೋದ ಜೋಡಿ ಸುಮ್ಮನೆ ಕುಳಿತು ದಾಟುವ ನೊರೆಯಲ್ಲಿ 77 ಕಿಲೋದ ಜೋಡಿ ನಿಂತುಬಿಡುತ್ತದೆ. ರಾಶಿ ಹೆಚ್ಚಿಸಿಕೊಳ್ಳಲು ಮನಸ್ಸಿಲ್ಲವಾದ್ದರಿಂದ ವೇಗವೇ ಗತಿ. ನೊರೆಯ ನೆತ್ತಿಯಾಚೆಗೆ ಹುಟ್ಟು ಚಾಚಿ ಅಲ್ಲಿನ ಗಟ್ಟಿ ನೀರನ್ನು ಹಿಡಿದು ಎಳೆಯಬೇಕು. ಬೋಟು ಸ್ಥಿರವಾಗಿದೆ, ಹೋಲ್‌ಗಳನ್ನು ತಾನೇ ದಾಟುತ್ತದೆ ಎಂದು ಬರೆದ ದೊಡ್ಡ ಮೈಯವರ ಮಾತು ನಂಬಿ ಕೈ ಕಟ್ಟಿ ಕೂರುವ ಸಣ್ಣ ಮೈಯವರಿಗೆ ಇಲ್ಲಿ ನೀರು ಕುಡಿಯುವ ಯೋಗ.

ಮಳೆಗಾಲದಲ್ಲಿ ಇದನ್ನು ಕೊಡಗಿನ ಬರಪೊಳೆಗೂ ಒಯ್ದೆ. ಅಲ್ಲಿ ಅಣೆಕಟ್ಟಿನ ಲೆಕ್ಕವಿಲ್ಲ, ಬ್ರಹ್ಮಗಿರಿಯ ಮೇಲೆ ಬಿದ್ದ ಮಳೆಯೇ ಲೆಕ್ಕ. ಹೊಳೆ ಕಿರಿದು, ಒಂದರ ಬೆನ್ನಿಗೆ ಒಂದು ಇಳಿತ, ಯೋಚಿಸಲು ಪುರುಸೊತ್ತು ಕೊಡುವುದಿಲ್ಲ. 'ಮಾರ್ನಿಂಗ್ ಕಾಫಿ' ಎಂದು ಹೆಸರಿಟ್ಟಿರುವ ರ‍್ಯಾಪಿಡ್ ಕಾಫಿ ಕುಡಿಯದವರನ್ನೂ ಎಬ್ಬಿಸುತ್ತದೆ. ಕಾಳಿಯಲ್ಲಿ ನಾನು ಗೊಣಗಿದ ಗುಣಗಳೆಲ್ಲ ಇಲ್ಲಿ ವರವಾದವು. ಸಣ್ಣ ಇಳಿತದ ಅಂಚಿನಲ್ಲಿ ಒಂದೇ ಬಲವಾದ ಎಳೆತ ಕೊಟ್ಟು ಮಂಡಿ ಮೇಲಕ್ಕೆಳೆದರೆ ಮೂತಿ ಎದ್ದು ಬೋಟು ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ಬೂಫ್ ಎನ್ನುವುದು ಇದಕ್ಕೇ. ಹಳೆಯ ಬೋಟಿನಲ್ಲಿ ಅದಕ್ಕೆ ಬೇಕಾಗಿದ್ದ ಗಳಿಗೆಯ ನಿಖರತೆ ಇದರಲ್ಲಿ ಬೇಡ. ಒಂದಿಷ್ಟು ಬೇಗ ಎಳೆದರೂ, ತಡವಾದರೂ ಬೋಟು ಸುಧಾರಿಸಿಕೊಳ್ಳುತ್ತದೆ.

ಎರಡು ತಾಸಿನ ಮೇಲೆ ಮೈ ಹೇಳುವ ಸಂಗತಿಗಳು ಬೇರೆ. ಬೆನ್ನಿನ ಪಟ್ಟಿಯನ್ನು ಬಿಗಿಮಾಡುವ ಹಲ್ಲುಪಟ್ಟಿಗೆ ಮರಳು ಸೇರಿ ಜಾರತೊಡಗುತ್ತದೆ. ಇಳಿಯುವ ಮುನ್ನ ನೀರಿನಲ್ಲಿ ತೊಳೆದುಕೊಂಡರೆ ನಿಲ್ಲುತ್ತದೆ. ಚಪ್ಪಲಿಯ ಅಟ್ಟೆ ನೀರು ಕುಡಿಯಲಿಲ್ಲ, ಕದಲಲಿಲ್ಲ. ಭುಜ ಮಾತ್ರ ಹಳೆಯ ಬೋಟಿಗಿಂತ ಹೆಚ್ಚು ದಣಿಯುತ್ತದೆ, ಅಗಲದ ದೋಣಿಯನ್ನು ಎಳೆದ ಸುಸ್ತು. ಕೊನೆಗೆ ದಡದಿಂದ ಜೀಪಿನವರೆಗೆ ಹೊರುವುದು. 20 ಕಿಲೋ ಎಂದರೆ ನನ್ನ ತೂಕದ ಸುಮಾರು ನಲವತ್ತು ಪ್ರತಿಶತ. ಬೋಟಿನ ವಿಮರ್ಶೆಯಲ್ಲಿ ಹೊರುವುದರ ಬಗ್ಗೆ ಒಂದು ಸಾಲು ಬರೆಯದವರಿಗೆ ಹೊತ್ತುಕೊಡುವವರು ಇದ್ದಾರೆಂದು ತಿಳಿಯಬೇಕು. ಕಾಕ್‌ಪಿಟ್ಟಿನ ಅಂಚು ಭುಜದ ಎಲುಬಿನ ಮೇಲೆ ಕೂರುತ್ತದೆ. ಲೈಫ್ ಜಾಕೆಟ್ ಬಿಚ್ಚದೆ ಹೊತ್ತರೆ ಅದರ ಪಟ್ಟಿಯೇ ದಿಂಬು.

ಬೋಟನ್ನು ಇಟ್ಟುಕೊಳ್ಳುತ್ತಿದ್ದೇನೆ, ಮಳೆಗಾಲಕ್ಕೆಂದು. ಬೇಸಿಗೆಯ ಕಾಳಿಗೆ ಹಳೆಯದೇ ಇರುತ್ತದೆ. ನನ್ನಷ್ಟೇ ತೂಕದವರು, ಹೊಸದಾಗಿ ಕಲಿಯುತ್ತಿರುವವರು, ಎರಡು ಬೋಟು ಇಟ್ಟುಕೊಳ್ಳಲಾಗದವರು ಇದನ್ನೇ ಕೊಳ್ಳಬಹುದು, ಓರೆ ಮಾಡುವುದನ್ನು ಬೇರೆ ಬೋಟಿನಲ್ಲಿ ಕಲಿತುಕೊಳ್ಳುವುದಾದರೆ. 45 ಕಿಲೋಗಿಂತ ಕಡಿಮೆ ಇರುವವರಿಗೆ ನಾನು ಹೇಳುವುದಿಲ್ಲ, ಅವರು ಮಕ್ಕಳ ಅಳತೆಯ ಬೋಟು ಹುಡುಕಲಿ.

ದುಡ್ಡು ಕೊಡುವ ಮುನ್ನ ಅದನ್ನು ಅಂಗಳದಲ್ಲಿ ಮಗುಚಿ ಹಾಕಿ ನೋಡಿದೆ. ಹಳೆಯ ಪ್ಲಾಸ್ಟಿಕ್ ಬೋಟು ಕೊಳ್ಳುವವರು ಗೀರುಗಳಿಗೆ ಹೆದರಬೇಕಿಲ್ಲ. ನೋಡಬೇಕಾದದ್ದು ಎರಡು ಕಡೆ: ಸೀಟಿನ ನೇರ ಕೆಳಗೆ, ಮತ್ತು ಬಾಲದ ತುದಿಯಲ್ಲಿ. ಬಂಡೆಗೆ ಹೆಚ್ಚು ಉಜ್ಜುವುದು ಅವೆರಡು ಜಾಗ. ಒಳಗೆ ಮೊಬೈಲ್ ದೀಪ ಹಚ್ಚಿಟ್ಟು ಹೊರಗಿನಿಂದ ನೋಡಿದರೆ ತೆಳ್ಳಗಾದ ಕಡೆ ಬೆಳಕು ಹೆಚ್ಚು ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ಹಾಗೇ ಉಳಿಯುವ ಬೋಟು ಬೇಡ. ನನ್ನದು ಸೀಟಿನ ಕೆಳಗೆ ಗಟ್ಟಿಯಾಗಿದೆ, ಬಾಲದಲ್ಲಿ ಒಂದು ಅಂಗೈಯಗಲ ತೆಳ್ಳಗಿದೆ. ಅದರ ಫೋಟೋ ತೆಗೆದು ಬೋಟಿನ ಒಡೆಯರಿಗೆ ಕಳಿಸಿದ್ದೇನೆ. ಬೆಲೆ ಇಳಿಸಲು ಒಪ್ಪಿದ್ದಾರೆ, ಎಷ್ಟು ಎನ್ನುವುದರ ಮೇಲೆ ಮಾತು ನಡೆಯುತ್ತಿದೆ.